ಗಾಜಿನ ಒಲೆಯನ್ನು ಬೆಳಗುವ ಬಗೆ

ಅಡುಗೆಮನೆಯ ಒಲೆಯು ನಮ್ಮ ಕಣ್ಣೆದುರಿಗೇ ಹಲವು ರೂಪಗಳನ್ನು ತಾಳಿರುವುದು. ಮಣ್ಣಿನ ಒಲೆಯ ಬಳಿಗೆ ಸೀಮೆಎಣ್ಣೆಯ ಸ್ಟವ್ ಬಂದಿತು. ಅದರ ಹಿಂದೆ ಗ್ಯಾಸಿನ ಒಲೆ ಬಂದಿತು. ಈಗ ಹಲವು ಮನೆಗಳಲ್ಲಿ ಉರಿಯೇ ಕಾಣದ ಇಂಡಕ್ಷನ್ ಒಲೆಯು ಕರಿಯ ಗಾಜಿನ ಹಲಗೆಯನ್ನು ಹೊತ್ತು ಕುಳಿತಿರುವುದು. ಒಲೆ ಬದಲಾದರೂ ಅದನ್ನು ತೊಳೆಯುವ ಕೈ ಹಳೆಯ ರೂಢಿಯನ್ನು ಬಿಟ್ಟಿಲ್ಲ. ಇದರಿಂದ ಒದಗುವ ನಷ್ಟವೇನು, ಅದನ್ನು ತಪ್ಪಿಸುವುದು ಹೇಗೆ ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ಹೇಳುವೆವು. ಚೌತಿಯ ದಿನ ಪಾಯಸಕ್ಕೆಂದು ಇಟ್ಟ ಬೆಲ್ಲದ ಪಾಕವು ಉಕ್ಕಿ ಒಲೆಯ ಗಾಜಿನ ಮೇಲೆ ಹರಿಯಿತು. ಹಬ್ಬದ ಗಡಿಬಿಡಿಯಲ್ಲಿ ಯಾರೂ ಅದನ್ನು ಲಕ್ಷಿಸಲಿಲ್ಲ. ಸಂಜೆ ನೋಡುವಾಗ ಪಾಕವು ಕಲ್ಲಿನಂತೆ ಗಟ್ಟಿಯಾಗಿತ್ತು. "ಬೂದಿಗೆ ಹೋಗದ ಕಲೆ ಉಂಟೇ ಮಗಾ?" ಎಂದು ಅಜ್ಜಿಯವರು ಬೂದಿಯನ್ನೂ ತೆಂಗಿನ ನಾರನ್ನೂ ತೆಗೆದುಕೊಟ್ಟರು. ನಾವು ಬಲವಾಗಿ ತಿಕ್ಕಿದೆವು. ಕಲೆಯೇನೋ ಹೋಯಿತು, ಆದರೆ ಗಾಜಿನಲ್ಲಿ ಸಾಸಿವೆಕಾಳಿನಷ್ಟು ಗಾತ್ರದ ಎರಡು ಕುಳಿಗಳೂ ಸುತ್ತಲೂ ಕೂದಲೆಳೆಯಂಥ ಗೀರುಗಳೂ ಉಳಿದವು. ಒಲೆಯೊಡನೆ ಬಂದ ಪುಸ್ತಿಕೆಯಲ್ಲಿ ಇದರ ಬಗ್ಗೆ ಎಚ್ಚರಿಕೆ ಇದ್ದೇ ಇತ್ತು. ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿದ್ದುದರಿಂದ ಅಜ್ಜಿಯವರಿಗೆ ಓದಲು ಬಾರದು. ಓದಬಲ್ಲ ನಾವು ಓದಿ ಹೇಳಿರಲಿಲ್ಲ. ತಪ್ಪು ಅಜ್ಜಿಯವರದಲ್ಲ, ನಮ್ಮದು.

ಒಲೆಯ ಈ ಹಲಗೆಯು ಕಿಟಕಿಯ ಗಾಜಿನಂಥದಲ್ಲ. ಇದನ್ನು ಗ್ಲಾಸ್ ಸೆರಾಮಿಕ್ ಎನ್ನುವರು. ನಾವು ಗಾಜು-ಪಿಂಗಾಣಿ ಎನ್ನಬಹುದು. ಇದರ ಜನ್ಮವೃತ್ತಾಂತವು ಸ್ವಾರಸ್ಯವಾಗಿರುವುದು. ೧೯೫೩ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ವಿಜ್ಞಾನಿ ಡೊನಾಲ್ಡ್ ಸ್ಟೂಕಿಯವರು ಗಾಜಿನ ತುಂಡೊಂದನ್ನು ೬೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಲೆಂದು ಕುಲುಮೆಯಲ್ಲಿಟ್ಟರು. ಕುಲುಮೆಯ ನಿಯಂತ್ರಣ ಕೆಟ್ಟು ಶಾಖವು ೯೦೦ ಡಿಗ್ರಿಗೆ ಏರಿತು. ಗಾಜು ಕರಗಿ ಕುಲುಮೆಯೇ ಹಾಳಾಯಿತೆಂದುಕೊಂಡು ಬಾಗಿಲು ತೆರೆದರೆ, ತುಂಡು ಆಕಾರಗೆಡದೆ ಬೆಳ್ಳಗೆ ನಿಂತಿತ್ತು. ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದರೂ ಅದು ಒಡೆಯಲಿಲ್ಲ! ಅತಿಯಾದ ಶಾಖದಿಂದ ಗಾಜಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಒತ್ತೊತ್ತಾಗಿ ಹುಟ್ಟಿ ಅದನ್ನು ಬಲಪಡಿಸಿದ್ದುವು. ೧೯೫೮ರಲ್ಲಿ ಇಂಥ ವಸ್ತುವಿನ ಅಡುಗೆಪಾತ್ರೆಗಳು ಮಾರಾಟಕ್ಕೆ ಬಂದುವು. ತರುವಾಯ ಒಲೆಯ ಹಲಗೆಗಳೂ ಬಂದುವು.

ಒಲೆಗೆ ಈ ವಸ್ತುವೇ ಏಕೆ ಬೇಕು? ಒಂದು ಮೀಟರ್ ಉದ್ದದ ಸಾಮಾನ್ಯ ಗಾಜನ್ನು ೧೦೦ ಡಿಗ್ರಿಯಷ್ಟು ಹೆಚ್ಚು ಬಿಸಿಮಾಡಿದರೆ ಅದು ಸುಮಾರು ೦.೯ ಮಿಲಿಮೀಟರ್ ಹಿಗ್ಗುವುದು. ಒಂದು ಭಾಗ ಹಿಗ್ಗಿ, ತಣ್ಣಗಿರುವ ಇನ್ನೊಂದು ಭಾಗ ಹಿಗ್ಗದಿದ್ದರೆ ಎಳೆತ ಉಂಟಾಗಿ ಗಾಜು ಸೀಳುವುದು. ಒಲೆಗೆ ಬಳಸುವ ಗಾಜು-ಪಿಂಗಾಣಿಯಲ್ಲಾದರೋ, ಬಿಸಿಯಾದಾಗ ಒಳಗಿನ ಹರಳುಗಳು ತುಸು ಕುಗ್ಗುವುವು, ಉಳಿದ ಗಾಜು ಹಿಗ್ಗುವುದು; ಒಂದಕ್ಕೊಂದು ಸರಿಹೋಗಿ ಹಲಗೆಯು ಹೆಚ್ಚುಕಡಿಮೆ ಇದ್ದಂತೆಯೇ ಇರುವುದು.

ಈ ಸದ್ಗುಣವೇ ನಮ್ಮ ಪಾಕದ ಪ್ರಸಂಗದಲ್ಲಿ ಕೇಡಿಗೆ ಕಾರಣವಾಯಿತು. ಕರಗಿದ ಬೆಲ್ಲವು ಬಿಸಿ ಗಾಜಿಗೆ ಬಲವಾಗಿ ಅಂಟುವುದು. ತಣಿಯುವಾಗ ಬೆಲ್ಲ ಕುಗ್ಗುವುದು, ಗಾಜು ಕುಗ್ಗದು. ಆ ಜಗ್ಗಾಟದಲ್ಲಿ ಗಾಜಿನ ಮೇಲ್ಪದರದ ಚೂರುಗಳು ಕಿತ್ತು ಬರುವುವು. ಕುಳಿಗಳು ಬಿದ್ದುದು ಹೀಗೆ. ಆದುದರಿಂದ ಸಕ್ಕರೆ, ಬೆಲ್ಲ, ಪಾಯಸ ಚೆಲ್ಲಿದರೆ ಗಾಜು ತಣಿಯುವವರೆಗೆ ಕಾಯಬಾರದು. ಒಲೆಯನ್ನು ಆರಿಸಿ, ಪಾತ್ರೆಯನ್ನು ಇಳಿಸಿ, ಬಿಸಿಯಿರುವಾಗಲೇ ಉದ್ದ ಹಿಡಿಯ ಹೆರೆಯುವ ಅಲಗನ್ನು ಓರೆಯಾಗಿ ಹಿಡಿದು ತಳ್ಳಿ ತೆಗೆಯಬೇಕು. ಇದು ದೊಡ್ಡವರ ಕೆಲಸ. ಬಿಸಿ ಪಾಕವು ಚರ್ಮಕ್ಕೆ ಅಂಟಿದರೆ ಸುಟ್ಟಗಾಯವು ಆಳವಾಗುವುದರಿಂದ ಮಕ್ಕಳು ಇದಕ್ಕೆ ಕೈ ಹಾಕಬಾರದು.

ಇನ್ನು ಬೂದಿಯ ವಿಚಾರ. ಕಂಚು ಹಿತ್ತಾಳೆಗಳ ಪಾತ್ರೆಗೆ ಬೂದಿಯು ಉತ್ತಮವಾದುದೇ. ಅದರ ಕ್ಷಾರವು ಜಿಡ್ಡನ್ನು ಕಳೆಯುವುದು. ಅದರ ಕಣಗಳು ಲೋಹದ ಮೇಲಿನ ಕಿಲುಬನ್ನು ಉಜ್ಜಿ ತೆಗೆಯುವುವು. ಆದರೆ ಬೂದಿಯಲ್ಲಿ ಬೆರೆತಿರುವ ಮರಳಿನ ಕಣವು ಈ ಗಾಜಿಗಿಂತಲೂ ಗಟ್ಟಿ. ತಿಕ್ಕಿದರೆ ಗೀರು ಬೀಳುವುದು. ಒರಟಾದ ಪಾತ್ರೆಪುಡಿಗೂ ಉಕ್ಕಿನ ನಾರಿಗೂ ಇದೇ ಮಾತು ಸಲ್ಲುವುದು. ಕಬ್ಬಿಣದ ಕಾವಲಿಯನ್ನು ಹಲಗೆಯ ಮೇಲೆ ಎಳೆದಾಡಿದರೂ ಗೀರಾಗುವುದು. ಅದನ್ನು ಎತ್ತಿ ಇಡಬೇಕು. ಪಾತ್ರೆಯ ತಳವನ್ನು ಮೊದಲು ಒರಸಿಕೊಳ್ಳಬೇಕು.

ನಿತ್ಯದ ಶುದ್ಧಿಯು ಬಹು ಸುಲಭ. ಒಲೆಯ ಪ್ಲಗ್ಗನ್ನು ಕಿತ್ತು, ಗಾಜು ತಣಿದ ಮೇಲೆ, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರಸಿ, ಒಣಬಟ್ಟೆಯಿಂದ ತೇವವನ್ನು ತೆಗೆದರೆ ಸಾಕು. ಹಾಲು ಅಥವಾ ಗಂಜಿ ಉಕ್ಕಿ ಒಣಗಿದ್ದರೆ ಅಡಿಗೆಸೋಡವನ್ನು ನೀರಿನಲ್ಲಿ ಕಲಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಒರಸಬೇಕು. ಸೋಡದ ಕಣವು ಗಾಜಿಗಿಂತ ಬಹಳ ಮೃದು. ಬಾವಿಯ ಗಡಸುನೀರು ಆರಿ ಉಳಿಯುವ ಬಿಳಿಯ ಕಲೆಯು ಸುಣ್ಣದ ಅಂಶ. ಅದು ಲಿಂಬೆಯ ರಸಕ್ಕೆ ಕರಗುವುದು. ತಾಮ್ರದ ಚೊಂಬಿಗೆ ಹುಣಿಸೆಹುಳಿ ಹಚ್ಚುವ ನಮ್ಮ ಹಿರಿಯರು ಹುಳಿಯ ಈ ಗುಣವನ್ನು ಬಲ್ಲವರೇ.

ಹಲಗೆಯ ಅಡಿಯಲ್ಲಿ ತಾಮ್ರದ ತಂತಿಯ ಸುರುಳಿಯೂ ಅದನ್ನು ತಣಿಸುವ ಫ್ಯಾನೂ ಇರುವುವು. ಗಾಳಿ ಹೋಗುವ ರಂಧ್ರಗಳಲ್ಲಿ ಎಣ್ಣೆ ಬೆರೆತ ಧೂಳು ಕಟ್ಟಿಕೊಂಡರೆ ಯಂತ್ರವು ಕಾದು ಕೆಡುವುದು. ತಿಂಗಳಿಗೊಮ್ಮೆ ಒಣ ಬ್ರಷ್ಷಿನಿಂದ ಗುಡಿಸಬೇಕು. ಒಲೆಯನ್ನು ನೀರಿನಲ್ಲಿ ಮುಳುಗಿಸಲೇಬಾರದು. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಕೂಡಲೇ ಪ್ಲಗ್ ಕಿತ್ತು ಬಳಕೆಯನ್ನು ನಿಲ್ಲಿಸಬೇಕು. ಬಿರುಕಿನೊಳಗೆ ಇಳಿದ ನೀರು ವಿದ್ಯುತ್ತನ್ನು ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಇಲ್ಲಿ ಉಳಿತಾಯದ ಯೋಚನೆ ಸಲ್ಲದು.

ಗ್ಯಾಸಿನ ಒಲೆಯ ಮೇಲಿನ ಗಾಜು ಸಾಮಾನ್ಯವಾಗಿ ಗಾಜು-ಪಿಂಗಾಣಿಯಲ್ಲ. ಅದು ಕಾಯಿಸಿ ಥಟ್ಟನೆ ತಣಿಸಿ ಬಲಪಡಿಸಿದ ಗಾಜು. ಕಾದಿರುವಾಗ ತಣ್ಣೀರು ಬಿದ್ದರೆ ಅದು ಸಿಡಿದು ಚೂರುಚೂರಾಗಬಹುದು. ಓವನ್ನಿನ ಬಾಗಿಲ ಗಾಜಿಗೂ ಇದೇ ಎಚ್ಚರಿಕೆ ಬೇಕು. ಓವನ್ನಿನ ಒಳಗೋಡೆಯ ಜಿಡ್ಡಿಗೆ ಪ್ಲಗ್ ಕಿತ್ತು, ಒಲೆ ತಣಿದ ಮೇಲೆ ಸೋಡದ ಲೇಪವನ್ನು ರಾತ್ರಿ ಹಚ್ಚಿಟ್ಟು ಬೆಳಗ್ಗೆ ಒದ್ದೆಬಟ್ಟೆಯಿಂದ ಒರಸಬೇಕು. ಕಾಯುವ ಸರಳುಗಳಿಗೆ ಲೇಪವಾಗಲಿ ನೀರಾಗಲಿ ತಾಗಬಾರದು. ಅಡಿಯ ತಟ್ಟೆಯಲ್ಲಿ ಬಿದ್ದ ಚೂರುಗಳನ್ನು ಆಗಾಗ ತೆಗೆಯದಿದ್ದರೆ ಅವು ಹೊತ್ತಿ ಹೊಗೆಯಾಡುವುವು.

ವಸ್ತುವಿನ ಗುಣವನ್ನು ಅರಿತು ಅದಕ್ಕೆ ತಕ್ಕಂತೆ ಕೈಯಾಡಿಸುವುದೇ ಶುದ್ಧಿಯ ಮೂಲಸೂತ್ರ. ಹಿರಿಯರು ತಮ್ಮ ಕಾಲದ ಪಾತ್ರೆಗಳ ಗುಣವನ್ನು ಚೆನ್ನಾಗಿ ಅರಿತಿದ್ದರು. ಹೊಸ ವಸ್ತುವಿನ ಗುಣವನ್ನು ಅವರಿಗೆ ತಿಳಿಸುವ ಹೊಣೆಯು ಓದು ಕಲಿತ ಮಕ್ಕಳದು. ವಿದ್ಯಾರ್ಥಿಗಳೇ, ನಿಮ್ಮ ಮನೆಗೆ ಬಂದ ಯಂತ್ರದ ಪುಸ್ತಿಕೆಯನ್ನು ಈ ರಜೆಯಲ್ಲಿ ಒಮ್ಮೆ ತೆರೆಯಿರಿ; ಅಜ್ಜಿಯವರ ಬಳಿ ಕುಳಿತು ಅದರಲ್ಲಿರುವುದನ್ನು ಕನ್ನಡದಲ್ಲಿ ಹೇಳಿರಿ. ನಮ್ಮ ಮನೆಯಲ್ಲಿ ಈಗ ಅಜ್ಜಿಯವರೇ ಪಾಕ ಉಕ್ಕಿದೊಡನೆ "ತಣಿಯುವ ಮುಂಚೆ ತೆಗೆಯಿರಿ" ಎಂದು ಎಲ್ಲರಿಗಿಂತ ಮೊದಲು ಎಚ್ಚರಿಸುವರು.