ಉತ್ತರಮೇರೂರಿನ ಶಾಸನಗಳಲ್ಲಿ ಸಭೆಯೂ ಲೆಕ್ಕವೂ

ಸ್ಥಳೀಯ ಸಮಿತಿಗಳ ವ್ಯವಹಾರವು ಬಹಿರಂಗವಾಗಿರಬೇಕೆಂಬ ತತ್ತ್ವವು ನಮ್ಮ ದೇಶಕ್ಕೆ ಹೊಸತಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿರುವ, ಚೋಳ ದೊರೆ ಒಂದನೆಯ ಪರಾಂತಕನ ಕಾಲದ, ಕ್ರಿ.ಶ. 919 ಮತ್ತು 921ರ ಶಾಸನಗಳನ್ನು ನಿದರ್ಶನವಾಗಿ ನೋಡೋಣ. ಕೆರೆ, ತೋಟ ಮೊದಲಾದವುಗಳ ‘ವಾರಿಯ’ಗಳಿಗೆ, ಎಂದರೆ ಸಮಿತಿಗಳಿಗೆ, ಸದಸ್ಯರನ್ನು ಆರಿಸುವ ಕ್ರಮವನ್ನು ಅವು ವಿವರಿಸುತ್ತವೆ. ಆಬಾಲವೃದ್ಧರೂ ನೆರೆದ ಸಭೆಯಲ್ಲಿ ಏನನ್ನೂ ಅರಿಯದ ಬಾಲಕನೊಬ್ಬನು ಕೊಡದಿಂದ ಹೆಸರಿನ ಓಲೆಯನ್ನು ಎತ್ತಬೇಕು. ಅದನ್ನು ಎಲ್ಲರೂ ಕೇಳುವಂತೆ ಓದಿ, ಬಳಿಕ ಬರೆದುಕೊಳ್ಳಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕವೊಪ್ಪಿಸದವನ ಹೆಸರಾಗಲಿ, ಅವನ ಹತ್ತಿರದ ಬಂಧುಗಳ ಹೆಸರಾಗಲಿ ಕೊಡವನ್ನು ಸೇರುವಂತಿರಲಿಲ್ಲ. ಆದರೆ ಅರ್ಹತೆಯು ಭೂಮಿಯುಳ್ಳ ವಿದ್ವಾಂಸ ಬ್ರಾಹ್ಮಣರಿಗೆ ಮಾತ್ರ ಮೀಸಲಾಗಿತ್ತೆಂಬುದನ್ನು ನಾವು ಮರೆಯಲಾಗದು. ಸಂವಿಧಾನದ 73ನೆಯ ತಿದ್ದುಪಡಿಯು (1992) ಗ್ರಾಮಸಭೆಯನ್ನು ಮತದಾರರೆಲ್ಲರದಾಗಿಸಿತು. ಸಭೆಯ ಬಾಗಿಲು ಹಿರಿದಾದರೆ ಸಾಲದು. ಲೆಕ್ಕದ ಕಟ್ಟುಪಾಡೂ ಅಷ್ಟೇ ಬಿಗಿಯಾಗಿರಬೇಕೆಂಬುದನ್ನು ಈ ಶಾಸನಗಳಿಂದ ನಾವು ಅರಿಯಬಹುದಾಗಿದೆ.