ಎದುರು ಪ್ರವಾಹದ ವ್ಯಾಪಾರ: ಮಿಸಿಸಿಪ್ಪಿಯ ಉಗಿದೋಣಿಗಳು

ಹರಿವಿನ ಜತೆ ಸರಕು ಸಾಗಿಸುವುದು ಸುಲಭ. ಎದುರು ಪ್ರವಾಹದಲ್ಲಿ ಮರಳುವುದು ಕಷ್ಟ. ಎರಡು ಶತಮಾನಗಳ ಹಿಂದೆ ಅಮೆರಿಕದ ಮಿಸಿಸಿಪ್ಪಿ ನದಿಯ ವ್ಯಾಪಾರವನ್ನು ಕಾಡಿದ್ದು ಇದೇ ತೊಡಕು. ಈ ನದಿಯನ್ನು ಸೇರುವ ಒಹಾಯೊ ಕಣಿವೆಯ ರೈತರು ಧಾನ್ಯ, ಹಂದಿಮಾಂಸಗಳನ್ನು ಚಪ್ಪಟೆ ತಳದ ದೋಣಿಗಳಲ್ಲಿ ದಕ್ಷಿಣದ ನ್ಯೂ ಆರ್ಲಿಯನ್ಸ್ ಬಂದರಿಗೆ ತರುತ್ತಿದ್ದರು. ಸರಕು ಮಾರಿದ ಮೇಲೆ ದೋಣಿಯನ್ನೂ ಒಡೆದು ಮರದ ಬೆಲೆಗೆ ಕೊಟ್ಟು, ನೂರಾರು ಮೈಲಿ ನಡೆದೇ ಊರು ಸೇರುತ್ತಿದ್ದರು.

ಈ ಪರಿಸ್ಥಿತಿಯನ್ನು ಬದಲಿಸಿದ್ದು ಉಗಿಯಂತ್ರ. 1811ರ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗ್‌ನಿಂದ ಹೊರಟ 'ನ್ಯೂ ಆರ್ಲಿಯನ್ಸ್' ಎಂಬ ಉಗಿದೋಣಿ 1812ರ ಜನವರಿಯಲ್ಲಿ ಅದೇ ಹೆಸರಿನ ನಗರವನ್ನು ತಲುಪಿತು. 1815ರಲ್ಲಿ 'ಎಂಟರ್‌ಪ್ರೈಸ್' ಅಲ್ಲಿಂದ ಲೂಯಿವಿಲ್‌ಗೆ ಎದುರು ಪ್ರವಾಹದಲ್ಲಿ 25 ದಿನಗಳಲ್ಲಿ ಸಾಗಿತು. ಗಳ ಊರಿ, ಹಗ್ಗ ಎಳೆದು ಸಾಗುವ ದೋಣಿಗೆ ಇದೇ ದಾರಿ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಸಾಗಣೆ ವೆಚ್ಚ ಇಳಿಯಿತು. ಹತ್ತಿಯ ಅಂಡಿಗೆಗಳು ಬಂದರಿಗೆ ಇಳಿದರೆ, ಸಕ್ಕರೆ, ಕಾಫಿ ಒಳನಾಡಿಗೆ ಏರಿದವು.

ಆದರೆ ಆ ಹತ್ತಿಯನ್ನು ಬೆಳೆದವರು ಗುಲಾಮರು. ಮಾರಾಟಕ್ಕೊಳಗಾಗಿ ಮನೆಮಂದಿಯಿಂದ ಬೇರ್ಪಟ್ಟ ಗುಲಾಮರನ್ನು ದಕ್ಷಿಣದ ತೋಟಗಳಿಗೆ ಒಯ್ದದ್ದೂ ಇದೇ ಉಗಿದೋಣಿಗಳು.

ಲಾಭದ ಆತುರ ಪ್ರಯಾಣಿಕರನ್ನೂ ಬಲಿ ತೆಗೆದುಕೊಂಡಿತು. ಬಾಯ್ಲರ್ ಸ್ಫೋಟಗಳು ಹೆಚ್ಚಿದಾಗ 1838ರಲ್ಲಿ ಸುರಕ್ಷತಾ ಕಾಯ್ದೆ ಬಂದಿತು. ಅದು ಸಾಲದಾದಾಗ 1852ರಲ್ಲಿ ಬಾಯ್ಲರ್ ತಪಾಸಣೆ, ಚಾಲಕರ ಪರವಾನಗಿ ನಿಯಮಗಳು ಬಿಗಿಯಾದವು. ಆದರೂ 1865ರ ಏಪ್ರಿಲ್ 27ರಂದು ಮೆಂಫಿಸ್ ಬಳಿ 'ಸುಲ್ತಾನಾ' ಸ್ಫೋಟಿಸಿತು. 376 ಮಂದಿಗಷ್ಟೇ ಅನುಮತಿಯಿದ್ದ ದೋಣಿಯಲ್ಲಿ 2,000ಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಬಹುತೇಕರು ಅಂತರ್ಯುದ್ಧದ ಸೆರೆಯಿಂದ ಬಿಡುಗಡೆಗೊಂಡು ಮನೆಗೆ ಹೊರಟಿದ್ದ ಸೈನಿಕರು. ಸರಕಾರ ತಲೆಯೆಣಿಕೆಯ ಮೇಲೆ ಪ್ರಯಾಣದರ ನೀಡುತ್ತಿದ್ದುದೂ, ಬಾಯ್ಲರಿಗೆ ಅವಸರದಲ್ಲಿ ತೇಪೆ ಹಾಕಿದ್ದುದೂ ಈ ದುರಂತದ ಹಿನ್ನೆಲೆ. ಸಾವಿರಕ್ಕೂ ಹೆಚ್ಚು ಮಂದಿ ಅಸುನೀಗಿದರು.

1870ರಲ್ಲಿ 'ರಾಬರ್ಟ್ ಇ. ಲೀ' ನ್ಯೂ ಆರ್ಲಿಯನ್ಸ್‌ನಿಂದ ಸೇಂಟ್ ಲೂಯಿಸ್‌ಗೆ 4 ದಿನಗಳೊಳಗೆ ತಲುಪಿ, ಪ್ರತಿಸ್ಪರ್ಧಿ 'ನ್ಯಾಚೆಸ್'ಅನ್ನು ಸೋಲಿಸಿತು. ಅಷ್ಟರಲ್ಲಿ ರೈಲು ನದಿಯನ್ನೇ ದಾಟಿತ್ತು. ಮಿಸಿಸಿಪ್ಪಿಗೆ ಮೊದಲ ರೈಲು ಸೇತುವೆ ಬಿದ್ದದ್ದು 1856ರಲ್ಲಿ. ಸೇಂಟ್ ಲೂಯಿಸ್‌ನ ಈಡ್ಸ್ ಸೇತುವೆ ತೆರೆದದ್ದು 1874ರಲ್ಲಿ. ಬೇಸಿಗೆಯಲ್ಲಿ ನೀರಿಳಿದರೂ, ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದರೂ ರೈಲು ಓಡುತ್ತಿತ್ತು. ಉಗಿದೋಣಿಗಳಿಗೆ ಅದು ಸಾಧ್ಯವಿರಲಿಲ್ಲ.

ಇಂದು ಅದೇ ನದಿಯಲ್ಲಿ ಡೀಸೆಲ್ ದೋಣಿಗಳು ಧಾನ್ಯ ತುಂಬಿದ ಬಾರ್ಜ್‌ಗಳನ್ನು ತಳ್ಳಿಕೊಂಡು ಸಾಗುತ್ತವೆ. ಉಗಿದೋಣಿಯ ವೈಭವ ಪ್ರವಾಸಿಗರ ಪಾಲಿಗೆ ಉಳಿದಿದೆ. ಅದಕ್ಕೆ ತೆತ್ತ ಬೆಲೆಯನ್ನು ಇತಿಹಾಸ ದಾಖಲಿಸಿದೆ.