ನಗಿಸುವವನು ಕಂಡ ಯುದ್ಧ

1942ರ ಕೊನೆಯ ದಿನಗಳು. ಸೈನಿಕರಿಂದ ಕಿಕ್ಕಿರಿದ ರೈಲೊಂದು ತಾಷ್ಕೆಂಟಿನತ್ತ ಸಾಗುತ್ತಿದೆ. ವಿಮಾನದಳದ ಅಧಿಕಾರಿಯೊಬ್ಬ, ತನ್ನ ಹೆಂಡತಿ ಬಗೆದ ದ್ರೋಹದ ಕಥೆಯನ್ನು ಅಪರಿಚಿತ ಪ್ರಯಾಣಿಕನೊಬ್ಬನಿಗೆ ಹೇಳತೊಡಗುತ್ತಾನೆ. ಕಥೆ ಮುಗಿಯುವುದೇ ಇಲ್ಲ. ಹೇಳುವವನ ಕಣ್ಣಲ್ಲಿ ಕೋಪ, ಅವಮಾನ, ಇನ್ನೂ ಆರದ ಪ್ರೀತಿ. ಕೇಳುತ್ತಿರುವವನು ಯುದ್ಧ ವರದಿಗಾರ, ಲೋಪಾತಿನ್. ಸಮಾಧಾನದ ಮಾತಿಲ್ಲ, ಬುದ್ಧಿವಾದವಿಲ್ಲ. ಉದ್ದನೆಯ, ದಣಿದ, ಅಂದವಿಲ್ಲದ ಆ ಮುಖ ಸುಮ್ಮನೆ ಕೇಳಿಸಿಕೊಳ್ಳುತ್ತದೆ.

ಅಲೆಕ್ಸೇಯ್ ಗೆರ್ಮಾನ್ ನಿರ್ದೇಶನದ ‘ಯುದ್ಧವಿಲ್ಲದ ಇಪ್ಪತ್ತು ದಿನಗಳು’ (1976) ಚಿತ್ರದ ಈ ದೃಶ್ಯವನ್ನು ಮೊದಲ ಸಲ ನೋಡಿದಾಗ ನಾನು ನಗಲು ಸಿದ್ಧನಾಗಿ ಕುಳಿತಿದ್ದೆ. ಅದಕ್ಕೆ ಕಾರಣವಿತ್ತು. ಕೆಲವೇ ದಿನಗಳ ಹಿಂದೆ ಇದೇ ಮುಖವನ್ನು ‘ವಜ್ರದ ಕೈ’ ಎಂಬ ಹಾಸ್ಯಚಿತ್ರದಲ್ಲಿ ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗಲೋ ಇನ್ನೇನೋ ಎಡವುತ್ತಾನೆ, ಬೀಳುತ್ತಾನೆ ಎಂದು ಕಾದೆ. ಹಾಗಾಗಲಿಲ್ಲ. ಚಿತ್ರ ಮುಗಿಯುವ ಹೊತ್ತಿಗೆ ನನ್ನ ನಿರೀಕ್ಷೆಯ ಬಗ್ಗೆ ನನಗೇ ನಾಚಿಕೆಯಾಗಿತ್ತು.

ನಾಚಿಕೆಪಡಬೇಕಾದವನು ನಾನೊಬ್ಬನೇ ಅಲ್ಲವೆಂದು ಆಮೇಲೆ ತಿಳಿಯಿತು. ಲೋಪಾತಿನ್ ಪಾತ್ರಕ್ಕೆ ಯೂರಿ ನಿಕುಲಿನ್‌ನನ್ನು ಗೆರ್ಮಾನ್ ಆರಿಸಿಕೊಂಡಾಗ ಸೋವಿಯತ್ ಚಲನಚಿತ್ರ ಇಲಾಖೆಯ ಅಧಿಕಾರಿಗಳು ಹುಬ್ಬು ಗಂಟಿಕ್ಕಿದ್ದರು. ಸರ್ಕಸ್ಸಿನ ವಿದೂಷಕ ಯುದ್ಧಭೂಮಿಯ ಲೇಖಕನಾಗುವುದೆಂದರೇನು? ಮೂಲಕೃತಿಯನ್ನು ಬರೆದ ಕಾನ್‌ಸ್ತಾಂತಿನ್ ಸೀಮೊನೊವ್ ನಿರ್ದೇಶಕನ ಪರವಾಗಿ ನಿಂತದ್ದರಿಂದ ಆಕ್ಷೇಪ ತಣ್ಣಗಾಯಿತು. ಸೀಮೊನೊವ್ ಸ್ವತಃ ಯುದ್ಧ ವರದಿಗಾರನಾಗಿದ್ದವನು. ತಾನು ಆಯ್ಕೆಯನ್ನು ಒಪ್ಪುತ್ತಿರುವ ಈ ವಿದೂಷಕ, ಆಕ್ಷೇಪಿಸಿದ ಎಷ್ಟೋ ಮಂದಿಗಿಂತ ಹೆಚ್ಚು ಕಾಲ ಸಮವಸ್ತ್ರದಲ್ಲಿದ್ದವನೆಂಬುದು ಆತನಿಗೆ ತಿಳಿಯದ ಸಂಗತಿಯೇನಲ್ಲ.

ನಿಕುಲಿನ್ ಹುಟ್ಟಿದ್ದು 1921ರ ಡಿಸೆಂಬರ್ 18ರಂದು, ಸ್ಮೊಲೆನ್ಸ್ಕ್ ಪ್ರಾಂತದ ದೆಮಿದೊವ್ ಎಂಬ ಸಣ್ಣ ಊರಿನಲ್ಲಿ. ತಂದೆ ಸರ್ಕಸ್ಸಿಗೆ, ಪತ್ರಿಕೆಗಳಿಗೆ ವಿನೋದದ ತುಣುಕುಗಳನ್ನು ಬರೆಯುತ್ತಿದ್ದವರು. ಶಾಲೆ ಮುಗಿಸಿದ ಹುಡುಗ 1939ರ ನವೆಂಬರಿನಲ್ಲಿ, ಹದಿನೆಂಟು ತುಂಬುವ ಮೊದಲೇ, ಸೇನೆಗೆ ಸೇರಿದ. ಮಾಮೂಲು ಸೇವಾವಧಿ ಮುಗಿಸಿ ಮನೆಗೆ ಮರಳಬೇಕಾಗಿದ್ದವನು ಮರಳಿದ್ದು 1946ರಲ್ಲಿ. ನಡುವೆ ಎರಡು ಯುದ್ಧಗಳು: ಮೊದಲು ಫಿನ್ಲೆಂಡಿನ ವಿರುದ್ಧ, ಆಮೇಲೆ ಜರ್ಮನಿಯ ವಿರುದ್ಧ. ಲೆನಿನ್‌ಗ್ರಾಡ್ ಸಮೀಪದ ಸೆಸ್ತ್ರೊರೆತ್ಸ್ಕ್ ಬಳಿಯ ವಿಮಾನನಿರೋಧಕ ಫಿರಂಗಿದಳದಲ್ಲಿ ಆತ ಇದ್ದ. ಸುಮಾರು 900 ದಿನಗಳ ದಿಗ್ಬಂಧನದಲ್ಲಿ ನಗರದೊಳಗೆ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಹೊರಗೆ ಕಾವಲಿದ್ದ ಸೈನಿಕರ ಪಾಡೂ ಹಸಿವೇ. ನಿಕುಲಿನ್‌ಗೆ ಯುದ್ಧ ಮುಗಿದದ್ದು ಲಾತ್ವಿಯಾದಲ್ಲಿ. ಎದೆಯ ಮೇಲೆ ‘ಶೌರ್ಯಕ್ಕಾಗಿ’ ಎಂಬ ಪದಕವಿತ್ತು.

ಆರೂವರೆ ವರ್ಷ ಸೇನೆಯಲ್ಲಿ ಕಳೆದು ಬಂದವನಿಗೆ ನಟನಾಗುವ ಆಸೆ. ಮಾಸ್ಕೋದ ಸಿನಿಮಾ ಸಂಸ್ಥೆಯ ಆಯ್ಕೆಗಾರರು, ನೀನು ಸಿನಿಮಾಕ್ಕೆ ಹೊಂದುವವನಲ್ಲ ಎಂದು ಹಿಂದಕ್ಕೆ ಕಳಿಸಿದರು. ನಾಟಕ ಶಾಲೆಗಳ ಬಾಗಿಲೂ ತೆರೆಯಲಿಲ್ಲ. ಕೊನೆಗೆ ಕೈಹಿಡಿದದ್ದು ತ್ಸ್ವೆತ್ನೊಯ್ ಬೀದಿಯ ಸರ್ಕಸ್ ನಡೆಸುತ್ತಿದ್ದ ವಿದೂಷಕರ ತರಬೇತಿ ಶಾಲೆ. ಅಲ್ಲಿಂದ ಆತ ‘ಕರಂದಾಷ್’, ಅಂದರೆ ‘ಪೆನ್ಸಿಲ್’, ಎಂಬ ಹೆಸರಿನಲ್ಲಿ ಮನೆಮಾತಾಗಿದ್ದ ಮಿಖಾಯಿಲ್ ರುಮ್ಯಾಂತ್ಸೆವ್‌ನ ಬಳಿ ಸಹಾಯಕನಾದ. ಅಲ್ಲಿಯೇ ದೊರೆತ ಜೊತೆಗಾರ ಮಿಖಾಯಿಲ್ ಶೂಯ್ದಿನ್. ಗಿಡ್ಡ, ಚುರುಕು, ತುಂಟ. ನಿಕುಲಿನ್ ಉದ್ದ, ನಿಧಾನ, ಮಂಕು. ಇವನು ಕುಣಿದರೆ ಅವನು ಕಣ್ಣು ಮಿಟುಕಿಸುತ್ತ ನಿಲ್ಲುವನು. ಈ ಜೋಡಿ ಮೂರು ದಶಕಗಳ ಕಾಲ ರಂಗವನ್ನು ಆಳಿತು.

ಶೂಯ್ದಿನ್ ಯುದ್ಧಕಾಲದಲ್ಲಿ ಟ್ಯಾಂಕ್ ಪಡೆಯಲ್ಲಿದ್ದವನು. ಹೊತ್ತಿಕೊಂಡ ಟ್ಯಾಂಕಿನಲ್ಲಿ ಅವನ ಮುಖವೂ ಕೈಗಳೂ ಸುಟ್ಟಿದ್ದವು. ವಿದೂಷಕನ ಬಣ್ಣದ ಕೆಳಗೆ ಆ ಕಲೆಗಳಿದ್ದವು. ಮಕ್ಕಳು ನಕ್ಕದ್ದು ಆ ಮುಖವನ್ನು ನೋಡಿಯೇ.

ಸಿನಿಮಾಕ್ಕೆ ಹೊಂದುವುದಿಲ್ಲ ಎನಿಸಿಕೊಂಡವನಿಗೆ ಸಿನಿಮಾ ತಾನಾಗಿ ಒಲಿದು ಬಂದಾಗ ವಯಸ್ಸು ಮೂವತ್ತಾರು ದಾಟಿತ್ತು. 1958ರಲ್ಲಿ ಒಂದು ಸಣ್ಣ ಪಾತ್ರ. 1961ರಲ್ಲಿ ಲಿಯೊನಿಡ್ ಗೈದಾಯ್ ಮಾಡಿದ ಹತ್ತು ನಿಮಿಷದ ಮಾತಿಲ್ಲದ ಚಿತ್ರ ಆತನನ್ನು ದೇಶಕ್ಕೆಲ್ಲ ಪರಿಚಯಿಸಿತು. ಮೂವರು ಪುಂಡರು ಡೈನಮೈಟ್ ಸಿಡಿಸಿ ಮೀನು ಹಿಡಿಯಲು ಹೊರಡುತ್ತಾರೆ. ನೀರಿಗೆಸೆದ ಡೈನಮೈಟನ್ನು ಅವರದೇ ನಾಯಿ ಕಚ್ಚಿಕೊಂಡು ವಾಪಸು ತರುತ್ತದೆ. ಮೂವರೂ ಓಡುತ್ತಾರೆ, ಬಾಯಲ್ಲಿ ಸಾವು ಕಚ್ಚಿಕೊಂಡು ನಾಯಿ ಪ್ರೀತಿಯಿಂದ ಬೆನ್ನಟ್ಟುತ್ತದೆ. ಹೇಡಿ, ಪೆದ್ದ, ಪಳಗಿದವ ಎಂಬ ಈ ತ್ರಿಮೂರ್ತಿಗಳಲ್ಲಿ ಪೆದ್ದ ‘ಬಲ್ಬೇಸ್’ ನಿಕುಲಿನ್. ಮುಖವೇ ಸಾಕಷ್ಟು ನಗೆ ತರಿಸುತ್ತದೆಂದು ಗೈದಾಯ್ ಕಣ್ಣಿಗೆ ಉದ್ದನೆಯ ರೆಪ್ಪೆಗಳನ್ನು ಮಾತ್ರ ಅಂಟಿಸಿದನಂತೆ.

ಈ ಚಿತ್ರವನ್ನು ನಾನು ಬರಿಯ ಚೇಷ್ಟೆಯೆಂದು ನೋಡಿ ಮರೆತಿದ್ದೆ. ಆಮೇಲೆ ಒಂದು ವಿವರ ಕಣ್ಣಿಗೆ ಬಿತ್ತು: ಗೈದಾಯ್ 1943ರಲ್ಲಿ ನೆಲಬಾಂಬ್ ತುಳಿದು ಕಾಲಿಗೆ ತೀವ್ರ ಗಾಯ ಮಾಡಿಕೊಂಡವನು. ಅದರ ನೋವು ಅವನನ್ನು ಬಹುಕಾಲ ಬಿಡಲಿಲ್ಲ. ಸ್ಫೋಟದಿಂದ ಓಡುವುದನ್ನು ತಮಾಷೆಯಾಗಿ ಚಿತ್ರಿಸಿದವನಿಗೆ ಸ್ಫೋಟ ಗೊತ್ತಿತ್ತು. ಓಡಿದವನಿಗೂ ಗೊತ್ತಿತ್ತು. 1961ರಲ್ಲಿ ಟಿಕೆಟ್ ಕೊಂಡು ಕುಳಿತ ಪ್ರೇಕ್ಷಕರಲ್ಲಿ ನಡುವಯಸ್ಸಿನ ಯಾರನ್ನು ಕೇಳಿದರೂ ಗೊತ್ತಿದ್ದ ಸಂಗತಿಯೇ ಅದು.

ಅದೇ ಮೂವರು ಮುಂದೆ ಕಳ್ಳಭಟ್ಟಿ ಕಾಯಿಸಿದರು, ಗೋದಾಮು ದೋಚಲು ಹೋದರು, ಕಾಕಸಸ್ಸಿನಲ್ಲಿ ಹುಡುಗಿಯೊಬ್ಬಳನ್ನು ಅಪಹರಿಸಿದರು. ‘ವಜ್ರದ ಕೈ’ (1969) ಬರುವ ವೇಳೆಗೆ ಗೈದಾಯ್ ತ್ರಿಮೂರ್ತಿಗಳನ್ನು ಕೈಬಿಟ್ಟು ನಿಕುಲಿನ್‌ಗಾಗಿಯೇ ಕಥೆ ಬರೆಸಿಕೊಂಡಿದ್ದ. ವಿದೇಶ ಪ್ರವಾಸದಲ್ಲಿ ಜಾರಿ ಬೀಳುವ ಸಂಭಾವಿತ ಗುಮಾಸ್ತನೊಬ್ಬನ ಕೈಗೆ ಕಳ್ಳಸಾಗಣೆದಾರರು ತಪ್ಪಾಗಿ ಪ್ಲಾಸ್ಟರ್ ಹಾಕಿ, ಅದರೊಳಗೆ ವಜ್ರ ಅಡಗಿಸುತ್ತಾರೆ. ಸೋವಿಯತ್ ಚಿತ್ರಮಂದಿರಗಳಲ್ಲಿ 7.67 ಕೋಟಿ ಟಿಕೆಟ್‌ಗಳು ಮಾರಾಟವಾದವು. ಆ ಚಿತ್ರದ ಖಳರಲ್ಲೊಬ್ಬ ಅನಾತೊಲಿ ಪಪಾನೊವ್. 1942ರಲ್ಲಿ ಯುದ್ಧರಂಗದಲ್ಲಿ ಗಾಯಗೊಂಡು ಕಾಲ್ಬೆರಳುಗಳನ್ನು ಕಳೆದುಕೊಂಡು, ಇಪ್ಪತ್ತರ ಹರೆಯದಲ್ಲೇ ಅಂಗವಿಕಲನೆನಿಸಿಕೊಂಡು ಮನೆಗೆ ಬಂದವನು. ನಿರ್ದೇಶಕ, ನಾಯಕ, ಖಳ: ದೇಶವನ್ನು ಅತಿ ಹೆಚ್ಚು ನಗಿಸಿದ ಚಿತ್ರಗಳಲ್ಲೊಂದನ್ನು ಮಾಡಿದ ಈ ಮೂವರೂ ಮಾಜಿ ಸೈನಿಕರು.

ಆದರೂ, ನನ್ನ ಮಟ್ಟಿಗೆ ಬಲ್ಬೇಸ್ ನಿಕುಲಿನ್‌ನ ಶ್ರೇಷ್ಠ ಪಾತ್ರವಲ್ಲ. ಲೆವ್ ಕುಲಿಜಾನೊವ್‌ನ ‘ಮರಗಳು ದೊಡ್ಡವಿದ್ದಾಗ’ ಚಿತ್ರದಲ್ಲಿ ಆತ ಕುಜ್ಮಾ ಎಂಬ ಕೆಲಸಗೇಡಿ ಕುಡುಕ. ಹಳ್ಳಿಯ ಅನಾಥ ಹುಡುಗಿಯೊಬ್ಬಳ ಬಳಿಗೆ ಹೋಗಿ, ಯುದ್ಧದಲ್ಲಿ ಕಳೆದುಹೋದ ನಿನ್ನ ತಂದೆ ನಾನೇ ಎಂದು ಸುಳ್ಳು ಹೇಳಿ ಅಲ್ಲೇ ಉಳಿಯುತ್ತಾನೆ. ಆಕೆ ನಂಬುತ್ತಾಳೆ. ನಂಬಿಕೆಯ ಭಾರಕ್ಕೆ ಆತನ ಸುಳ್ಳು ಮೆಲ್ಲಗೆ ಕುಸಿಯುವುದನ್ನು ನಿಕುಲಿನ್ ಒಂದೂ ಮಾತು ಏರಿಸದೆ ತೋರಿಸುತ್ತಾನೆ. ತಾರ್ಕೊವ್ಸ್ಕಿಯ ‘ಆಂದ್ರೇಯ್ ರುಬ್ಲ್ಯೋವ್’ನಲ್ಲಿ ಆತ ಮಠದ ಬಂಗಾರದ ಸುಳಿವು ಕೊಡದೆ ಚಿತ್ರಹಿಂಸೆಗೊಳಗಾಗುವ ಪತ್ರಿಕೇಯ್. ಬಲ್ಬೇಸ್ ಕಾಕಸಸ್ಸಿನಲ್ಲಿ ಓಡಾಡುತ್ತಿದ್ದುದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಒಂದೇ ಮುಖ, ಒಂದೇ ಬೆಪ್ಪುನೋಟ. ನೋಡಲಾಗದೆ ನಾನು ಕಣ್ಣು ತಿರುಗಿಸಿದ್ದೆ.

ನಮಗೆ ಜೋಕರ್ ಎಂದೊಡನೆ ನೆನಪಾಗುವವರು ರಾಜ್ ಕಪೂರ್. 1970ರ ಆ ಚಿತ್ರದಲ್ಲಿ ಸೋವಿಯತ್ ಸರ್ಕಸ್ಸಿನ ಕಲಾವಿದರೂ ಇದ್ದರು. ಅಲ್ಲಿನ ವಿದೂಷಕ ತನ್ನ ಕಣ್ಣೀರನ್ನು ನಾವು ಕಾಣಬೇಕೆಂದು ಬಯಸುತ್ತಾನೆ. ಅವರ ಅಭಿಮಾನಿಗಳು ಕ್ಷಮಿಸಬೇಕು, ನನಗೆ ನಿಕುಲಿನ್‌ನ ಹಾದಿ ಹೆಚ್ಚು ಇಷ್ಟ. ತನ್ನ ಆತ್ಮಕಥನಕ್ಕೆ ಆತ ಇಟ್ಟ ಹೆಸರು ‘ಬಹುಮಟ್ಟಿಗೆ ಗಂಭೀರವಾಗಿ’.

ಅರುವತ್ತರ ಹೊತ್ತಿಗೆ ಆತ ರಂಗದಿಂದ ಇಳಿದ. 1983ರಲ್ಲಿ ಶೂಯ್ದಿನ್ ತೀರಿಕೊಂಡ. ತ್ಸ್ವೆತ್ನೊಯ್ ಬೀದಿಯ ಸರ್ಕಸ್ಸಿನ ಆಡಳಿತ ನಿಕುಲಿನ್ ಹೆಗಲೇರಿತು. 1880ರ ಆ ಕಟ್ಟಡ ಶಿಥಿಲವಾಗಿತ್ತು. 1985ರಲ್ಲಿ ಅದನ್ನು ಕೆಡವಿದ ಮೇಲೆ ಹೊಸದು ಮೇಲೇಳುತ್ತದೆಂಬ ಭರವಸೆ ಹಲವರಿಗಿರಲಿಲ್ಲ. ಹಣಕ್ಕಾಗಿ ಪ್ರಧಾನಿ ನಿಕೊಲಾಯ್ ರಿಝ್ಕೊವ್ ಬಳಿಗೆ ಹೋದ ನಿಕುಲಿನ್ ನಗೆಹನಿಗಳನ್ನು ಹೇಳುತ್ತಲೇ ಕೆಲಸ ಸಾಧಿಸಿಕೊಂಡನೆಂಬ ಕಥೆ ಪ್ರಸಿದ್ಧ. ಆತ ನಗೆಹನಿಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುವ ಹವ್ಯಾಸದವನಾದ್ದರಿಂದ ಕಥೆಯನ್ನು ನಂಬಲು ಕಷ್ಟವಿಲ್ಲ. ಹೊಸ ಕಟ್ಟಡ 1989ರಲ್ಲಿ ಬಾಗಿಲು ತೆರೆಯಿತು. ಸೋವಿಯತ್ ಒಕ್ಕೂಟ ಅದಾಗಿ ಎರಡೇ ವರ್ಷ ಉಳಿಯಿತು. ಸಂಬಳಗಳು ನಿಂತ, ಉಳಿತಾಯಗಳು ಕರಗಿದ ತೊಂಬತ್ತರ ದಶಕದಲ್ಲಿ ಆತ ಟಿವಿಯಲ್ಲಿ ಸ್ನೇಹಿತರನ್ನು ಕೂರಿಸಿಕೊಂಡು, ‘ಬಿಳಿ ಗಿಣಿ’ ಎಂಬ ಕಾರ್ಯಕ್ರಮದಲ್ಲಿ ನಗೆಹನಿ ಹೇಳುತ್ತಿದ್ದ. 1997ರ ಆಗಸ್ಟಿನಲ್ಲಿ ಹೃದಯದ ಚಿಕಿತ್ಸೆಗೆ ಆಸ್ಪತ್ರೆ ಸೇರಿದಾಗ ವೈದ್ಯರ ಹೇಳಿಕೆಗಳನ್ನು ದೇಶ ದಿನವೂ ಕಾದು ಓದಿತು. 21ರಂದು ಆತ ತೀರಿಕೊಂಡ.

ಶಿಲ್ಪಿ ಅಲೆಕ್ಸಾಂದ್ರ್ ರುಕವಿಶ್ನಿಕೊವ್ ಆತನ ಎರಡು ಪ್ರತಿಮೆಗಳನ್ನು ಮಾಡಿದ್ದಾನೆ. ಇಂದು ನಿಕುಲಿನ್ ಹೆಸರಿನಲ್ಲೇ ಇರುವ ಸರ್ಕಸ್ಸಿನ ಮುಂದಿನ ಕಂಚಿನ ಪ್ರತಿಮೆಯಲ್ಲಿ ಆತ ಕಾಕಸಸ್ ಚಿತ್ರದ ಆ ತೆರೆದ ಕಾರಿನಿಂದ ಇಳಿಯುತ್ತಿದ್ದಾನೆ. ಮಕ್ಕಳು ಆ ಕಾರನ್ನು ಹತ್ತುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಇನ್ನೊಂದು ನೊವೊದೆವಿಚಿ ಸ್ಮಶಾನದಲ್ಲಿದೆ. ಅಲ್ಲಿ ಆತ ಮಾಮೂಲು ಕೋಟು, ಟೋಪಿ ಧರಿಸಿ, ಸಿಗರೇಟು ಹಿಡಿದು, ತಂಗಾಳಿಗೆ ಬಂದು ಕುಳಿತ ನಿವೃತ್ತ ಯಜಮಾನನಂತೆ ಕಾಣುತ್ತಾನೆ. ಎದುರಿಗೆ ಆತನ ನಾಯಿ ಮಲಗಿದೆ.